ಹೂವಿನ ಶಾಯಿ ಯಾಕೆ ಇಷ್ಟು ಬೇಗ ಮಾಸುತ್ತದೆ?

ಪ್ರಶ್ನೆ: ದಾಸವಾಳ, ಬೀಟ್‌ರೂಟ್, ಅರಿಸಿನದಿಂದ ಶಾಯಿ ಮಾಡಿ ಚಿತ್ರ ಬರೆಯುತ್ತೇನೆ. ಬರೆದ ದಿನ ಬಣ್ಣ ತುಂಬ ಚೆನ್ನಾಗಿರುತ್ತದೆ, ಕೆಲವೇ ವಾರಗಳಲ್ಲಿ ಮಾಸಿಹೋಗುತ್ತದೆ. ಉಪ್ಪು, ವಿನೆಗರ್ ಹಾಕಿದರೂ ನಿಲ್ಲುತ್ತಿಲ್ಲ. ಎಲ್ಲಿ ತಪ್ಪಾಗುತ್ತಿದೆ?

ಉತ್ತರ: ನೀವು ಶಾಯಿ ಮಾಡುವ ಕ್ರಮದಲ್ಲಿ ತಪ್ಪಿಲ್ಲ. ಆರಿಸಿಕೊಂಡಿರುವ ಮೂರೂ ಬೆಳಕಿಗೆ ನಿಲ್ಲದ ಬಣ್ಣಗಳು. ದಾಸವಾಳದ ಕೆಂಪು ಆಂಥೋಸಯಾನಿನ್‌ನಿಂದ ಬರುತ್ತದೆ, ಬೀಟ್‌ರೂಟ್‌ನದು ಬೀಟಾಲೈನ್‌ನಿಂದ, ಅರಿಸಿನದ ಹಳದಿ ಕರ್ಕ್ಯುಮಿನ್‌ನಿಂದ. ಬೆಳಕು ಬಿದ್ದಂತೆ ಈ ಅಣುಗಳು ಒಡೆಯುತ್ತವೆ. ಅಣು ಒಡೆದರೆ ಬಣ್ಣ ಹೋಯಿತು, ಅಷ್ಟೆ.

ಉಪ್ಪು ಮತ್ತು ವಿನೆಗರ್ ಬಣ್ಣವನ್ನು ಕಟ್ಟಿ ಹಿಡಿಯುತ್ತವೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಇವು ಬೂಷ್ಟು ಬರುವುದನ್ನು ಸ್ವಲ್ಪ ತಡೆಯುತ್ತವೆ, ನಿಜ. ವಿನೆಗರ್‌ನ ಹುಳಿಗೆ ದಾಸವಾಳದ ಕೆಂಪು ಇನ್ನಷ್ಟು ಹೊಳೆಯುತ್ತದೆ, ಅದೂ ನಿಜ. ಆದರೆ ಬೆಳಕನ್ನು ತಡೆಯುವ ಶಕ್ತಿ ಎರಡಕ್ಕೂ ಇಲ್ಲ.

ಕಾಗದವನ್ನೂ ಒಮ್ಮೆ ನೋಡಿ. ಚಿತ್ರಕ್ಕೆಂದೇ ಮಾಡಿದ ಎಷ್ಟೋ ಒಳ್ಳೆಯ ಕಾಗದಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿರುತ್ತದೆ. ಅದು ಕ್ಷಾರ. ಅದರ ಮೇಲೆ ದಾಸವಾಳದ ಕೆಂಪು ಒಣಗುವಷ್ಟರಲ್ಲೇ ನೇರಳೆಗೋ ಬೂದುನೀಲಿಗೋ ತಿರುಗಬಹುದು. ಇದು ಮಾಸುವುದಲ್ಲ, ಬಣ್ಣ ಬದಲಾಗುವುದು. ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಹಾಗಾದರೆ ಉಳಿಯುವುದು ಯಾವುದು? ಎಲ್ಲಕ್ಕಿಂತ ಗಟ್ಟಿ ಕಾಡಿಗೆ. ದೀಪದ ಮಸಿ ಅಂದರೆ ಬಹುತೇಕ ಇಂಗಾಲ, ಬೆಳಕು ಅದನ್ನು ಏನೂ ಮಾಡಲಾರದು. ಕಾಡಿಗೆಯನ್ನು ನೇರವಾಗಿ ನೀರಿಗೆ ಹಾಕಿದರೆ ಮೇಲೆ ತೇಲುತ್ತದೆ. ಅದಕ್ಕೆ ಮೊದಲು ಗೋಂದಿನ ನೀರಿನಲ್ಲಿ ಚೆನ್ನಾಗಿ ಅರೆಯಬೇಕು, ಆಮೇಲೆ ತೆಳುಮಾಡಬೇಕು. ಗಮ್ ಅರೇಬಿಕ್ ಎಂದು ಸಿಗುವ ಗೋಂದು ಇದಕ್ಕೆ ಸರಿ. ಅರೆಯುವುದರಲ್ಲಿ ಆತುರ ಬೇಡ, ಶಾಯಿ ನಯವಾಗುವುದು ಅಲ್ಲೇ. ಕೆಮ್ಮಣ್ಣು, ಹಳದಿ ಮಣ್ಣು ಕೂಡ ಹೀಗೆಯೇ. ಅವುಗಳ ಬಣ್ಣ ಕಬ್ಬಿಣದ ಆಕ್ಸೈಡ್‌ನದು. ಫ್ರಾನ್ಸಿನ ಲಾಸ್ಕೋ ಗುಹೆಯ ಚಿತ್ರಗಳಲ್ಲಿ ಆ ಬಣ್ಣ ಸಾವಿರಾರು ವರ್ಷಗಳ ನಂತರವೂ ಕಾಣುತ್ತದೆ.

ಆದರೆ ಗಿಡಮರಗಳಿಂದಲೇ ಶಾಯಿ ಮಾಡಬೇಕು ಎಂಬ ಆಸೆ ನಿಮ್ಮದು, ಅಲ್ವಾ? ಹಾಗಿದ್ದರೆ ಒಗರಿನ ಕಡೆ ಹೋಗಿ. ಮಾಚಿಕಾಯಿ, ಅಳಲೆಕಾಯಿ, ದಾಳಿಂಬೆ ಸಿಪ್ಪೆ ಇವುಗಳಲ್ಲಿ ಒಗರು ಕೊಡುವ ಟ್ಯಾನಿನ್ ಜಾಸ್ತಿ. ಜಜ್ಜಿ, ನೀರಿನಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿ. ಅದಕ್ಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಸ್ವಲ್ಪಸ್ವಲ್ಪವೇ ಬೆರೆಸಿ. ಕೊನೆಗೆ ಗೋಂದು. ಈ ಶಾಯಿಯಲ್ಲಿ ಬರೆಯುವುದು ನನಗೆ ಬಹಳ ಇಷ್ಟ. ಗೆರೆ ಮೊದಲು ಮಂಕಾಗಿ ಬೀಳುತ್ತದೆ, ಆಮೇಲೆ ನಿಮ್ಮ ಕಣ್ಣೆದುರಿಗೇ ಕಪ್ಪಾಗುತ್ತಾ ಹೋಗುತ್ತದೆ. ಗಾಳಿಯ ಆಮ್ಲಜನಕ ಸೇರಿ ಕಬ್ಬಿಣ ಮತ್ತು ಟ್ಯಾನಿನ್ ಕಾಗದದ ನಾರಿನೊಳಗೇ ಕರಗದ ಕಪ್ಪಾಗಿ ಕೂರುತ್ತವೆ. 4ನೇ ಶತಮಾನದ ಕೋಡೆಕ್ಸ್ ಸೈನೈಟಿಕಸ್ ಎಂಬ ಗ್ರೀಕ್ ಬೈಬಲ್ ಹಸ್ತಪ್ರತಿಯನ್ನು ಇದೇ ಬಗೆಯ ಶಾಯಿಯಲ್ಲಿ ಬರೆದಿದ್ದಾರೆ, ಇವತ್ತಿಗೂ ಓದಬಹುದು.

ಅದಕ್ಕೂ ಒಂದು ಕಷ್ಟವಿದೆ. ಈ ಶಾಯಿ ಆಮ್ಲೀಯ. ಅನ್ನಭೇದಿ ಹೆಚ್ಚಾದರೆ ಉಳಿದ ಕಬ್ಬಿಣ ಕಾಗದವನ್ನೇ ತಿನ್ನುತ್ತದೆ. ಹಳೆಯ ಕೈಬರಹಗಳಲ್ಲಿ ಅಕ್ಷರವಿದ್ದ ಕಡೆಯೇ ತೂತು ಬಿದ್ದಿರುವುದು ಹೀಗೆ. ಕಾಲ ಕಳೆದಂತೆ ಕಪ್ಪು ಕಂದಾಗುವುದೂ ಉಂಟು. ಆದ್ದರಿಂದ ಅನ್ನಭೇದಿಯನ್ನು ಮಿತವಾಗಿ ಬಳಸಿ. ಫೌಂಟನ್ ಪೆನ್ನಿಗಂತೂ ತುಂಬಬೇಡಿ. ಅದ್ದಿ ಬರೆಯುವ ನಿಬ್ಬು ಅಥವಾ ಕುಂಚ ಸಾಕು.

ಕೆಂಪೇ ಬೇಕೆಂದರೆ ಮಂಜಿಷ್ಠ ಅಥವಾ ಅರಗಿನ ಕಡೆ ನೋಡಿ. ಮಂಜಿಷ್ಠದ ಬೇರಿನ ಕಷಾಯಕ್ಕೆ ಪಟಿಕ ಕರಗಿಸಿ, ವಾಷಿಂಗ್ ಸೋಡಾದ ನೀರನ್ನು ನಿಧಾನವಾಗಿ ಸುರಿಯಿರಿ. ನೊರೆ ಉಕ್ಕುತ್ತದೆ, ದೊಡ್ಡ ಪಾತ್ರೆ ಇರಲಿ. ನೊರೆ ನಿಂತ ಮೇಲೆ ಬಣ್ಣ ತಳಕ್ಕೆ ಇಳಿಯುತ್ತದೆ. ಸೋಸಿ, ತೊಳೆದು, ಒಣಗಿಸಿ ಪುಡಿ ಮಾಡಿದರೆ ನೀರಿನಲ್ಲಿ ಕರಗದ ಬಣ್ಣ ಸಿಗುತ್ತದೆ. ಅದನ್ನು ಗೋಂದಿನಲ್ಲಿ ಅರೆದರೆ ಶಾಯಿ. ಇದು ಹೂವಿನ ರಸಕ್ಕಿಂತ ಎಷ್ಟೋ ಹೆಚ್ಚು ಬಾಳುತ್ತದೆ, ಆದರೆ ಕಾಡಿಗೆಯಷ್ಟು ಅಲ್ಲ. ಅರಿಸಿನಕ್ಕೆ ಇದನ್ನೇ ಮಾಡಿ ನೋಡೋಣ ಅನ್ನಿಸಬಹುದು. ಬೇಡ, ಅದರ ಹಳದಿ ಆಗಲೂ ಬಿಸಿಲಿಗೆ ಹೋಗುತ್ತದೆ.

ಯಾವ ಶಾಯಿ ಮಾಡಿದರೂ ಮೊದಲು ಪರೀಕ್ಷೆ ಮಾಡಿ. ಒಂದು ಪಟ್ಟಿ ಕಾಗದದ ಮೇಲೆ ಬಳಿದು, ಅರ್ಧ ಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಒಂದು ತಿಂಗಳ ನಂತರ ರಟ್ಟು ತೆಗೆದರೆ ಉತ್ತರ ಅಲ್ಲೇ ಇರುತ್ತದೆ. ಪಟ್ಟಿಯ ಹಿಂದೆ ದಿನಾಂಕ, ವಸ್ತು, ಕಾಗದದ ಹೆಸರು ಬರೆದಿಡಿ. ಹೀಗೆ ಸೇರಿಸಿಟ್ಟ ಪಟ್ಟಿಗಳು ನಿಮ್ಮ ಕೈಗೆ, ನಿಮ್ಮ ಕಾಗದಕ್ಕೆ ಹೊಂದುವ ಮಾಹಿತಿ. ಬೇರೆಯವರ ಪಾಕವಿಧಾನದಲ್ಲಿ ಅದು ಸಿಗುವುದಿಲ್ಲ.

ದಾಸವಾಳವನ್ನು ಬಿಟ್ಟೇಬಿಡಿ ಎಂದು ನಾನು ಹೇಳುವುದಿಲ್ಲ. ಮುಚ್ಚಿಡುವ ಸ್ಕೆಚ್ ಪುಸ್ತಕದಲ್ಲಿ ಬಳಸಿ, ಅಲ್ಲಿ ಬೆಳಕು ಕಡಿಮೆ. ಬರೆದ ದಿನವೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಗೋಡೆಗೆ ಹಾಕುವ ಚಿತ್ರಕ್ಕೆ, ಯಾರಿಗಾದರೂ ಮಾರುವ ಚಿತ್ರಕ್ಕೆ ಮಾತ್ರ ಬೇಡ. ಕೊಳ್ಳುವವರಿಗೆ ಅದು ಅನ್ಯಾಯ. ನೇರಳಾತೀತ ಕಿರಣ ತಡೆಯುವ ಗಾಜು ಹಾಕಿದರೂ ಮಾಸುವುದು ನಿಧಾನವಾಗುತ್ತದೆ ಹೊರತು ನಿಲ್ಲುವುದಿಲ್ಲ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಒಡೆಯುತ್ತದೆ.

ಇನ್ನು ಶಾಯಿಯ ಸೀಸೆ. ಒಂದೆರಡು ಲವಂಗ ಹಾಕಿ ಫ್ರಿಜ್‌ನಲ್ಲಿಟ್ಟರೆ ಬೂಷ್ಟು ತಡವಾಗುತ್ತದೆ. ಮೇಲೆ ದೊಡ್ಡದಾಗಿ ‘ಶಾಯಿ, ಕುಡಿಯಬಾರದು’ ಎಂದು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಪಟಿಕ, ಅನ್ನಭೇದಿ ಕಾಯಿಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.