ಪೆಟ್ಟು ಬಿದ್ದ ಮೆದುಳನ್ನು ತಂಪು ಮಾಡಿದರೆ ಉಳಿಯುತ್ತದೆಯೇ?

2013ರ ಡಿಸೆಂಬರ್ 29. ಫಾರ್ಮುಲಾ ಒನ್ ಕಾರು ಓಟದಲ್ಲಿ ಏಳು ಸಲ ವಿಶ್ವ ಚಾಂಪಿಯನ್ ಆಗಿದ್ದ ಮೈಕಲ್ ಶುಮಾಕರ್ ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ ಸ್ಕೀಯಿಂಗ್ ಮಾಡುತ್ತಾ ಬಿದ್ದರು. ತಲೆ ಬಂಡೆಗೆ ಬಡಿಯಿತು. ಹೆಲ್ಮೆಟ್ ಹಾಕಿದ್ದರೂ ಮೆದುಳಿಗೆ ಜೋರು ಪೆಟ್ಟಾಗಿತ್ತು. ಗ್ರೆನೋಬಲ್ ಆಸ್ಪತ್ರೆಯ ವೈದ್ಯರು ಆಪರೇಷನ್ ಮಾಡಿ, ಮದ್ದು ಕೊಟ್ಟು ಕೋಮಾದಲ್ಲಿ ಇಟ್ಟರು. ಮೈಯ ಉಷ್ಣತೆಯನ್ನು 34-35 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದ್ದೇವೆ ಎಂದೂ ತಿಳಿಸಿದರು.

ಆರೋಗ್ಯವಂತರ ಮೈ ಸುಮಾರು 37 ಡಿಗ್ರಿ ಇರುತ್ತದೆ. ಸಾವು ಬದುಕಿನ ನಡುವೆ ಇರುವವರನ್ನು ಬೆಚ್ಚಗಿಡಬೇಕಲ್ವಾ, ತಣ್ಣಗೆ ಮಾಡುವುದು ಯಾಕೆ? ಇದಕ್ಕೆ ಒಳ್ಳೆಯ ಕಾರಣವೇ ಇದೆ. ಆದರೆ ಆ ಕಾರಣವನ್ನು ಸಾವಿರಕ್ಕೂ ಜಾಸ್ತಿ ರೋಗಿಗಳಲ್ಲಿ ಪರೀಕ್ಷಿಸಿ ನೋಡಿದಾಗ ಯಾರೂ ಬಯಸದ ಉತ್ತರ ಬಂತು.

ತಲೆಗೆ ಪೆಟ್ಟು ಬಿದ್ದ ಕ್ಷಣದಲ್ಲೇ ಒಂದಷ್ಟು ನರಕೋಶಗಳು ಹರಿದು, ನಜ್ಜುಗುಜ್ಜಾಗಿ ಸಾಯುತ್ತವೆ. ಅವನ್ನು ಯಾವ ವೈದ್ಯರೂ ವಾಪಸ್ ತರಲಾರರು. ಕಷ್ಟ ಏನೆಂದರೆ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಗಾಯಗೊಂಡ ಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಗೆ ಚೆಲ್ಲುತ್ತದೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಳಸುವ ವಸ್ತು ಇದು, ತೀರಾ ಸ್ವಲ್ಪ ಸಾಕು. ಒಮ್ಮೆಲೇ ಜಾಸ್ತಿಯಾದರೆ ಪಕ್ಕದ ಕೋಶಗಳ ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅವೂ ಸಾಯತೊಡಗುತ್ತವೆ. ರಕ್ತನಾಳಗಳು ಸೋರುತ್ತವೆ, ಮೆದುಳು ಊದುತ್ತದೆ. ಕಾಲು ಉಳುಕಿ ಬಾವು ಬಂದರೆ ಚರ್ಮ ಹಿಗ್ಗಿ ಜಾಗ ಬಿಟ್ಟುಕೊಡುತ್ತದೆ. ಬುರುಡೆ ಹಿಗ್ಗುವುದಿಲ್ಲ. ಹಾಗಾಗಿ ಒಳಗಿನ ಒತ್ತಡ ಏರುತ್ತದೆ, ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಇನ್ನಷ್ಟು ಕೋಶಗಳು ಉಸಿರುಗಟ್ಟುತ್ತವೆ. ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುವ ಈ ಎರಡನೇ ಸುತ್ತಿನ ಹಾನಿಯನ್ನು ತಡೆಯುವುದೇ ಐಸಿಯು ವೈದ್ಯರ ಹೋರಾಟ.

ತಂಪಿನ ವಿಚಾರ ಬಂದದ್ದು ಇಲ್ಲೇ. ನಮ್ಮ ಮೈತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಎರಡರಷ್ಟು. ಆದರೆ ಮೈಗೆ ಸಿಗುವ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು. ಮೈ ಒಂದು ಡಿಗ್ರಿ ತಣ್ಣಗಾದರೆ ಈ ಬೇಡಿಕೆ ನೂರಕ್ಕೆ ಆರೇಳರಷ್ಟು ಇಳಿಯುತ್ತದೆ. ಗ್ಲುಟಮೇಟ್ ಕಡಿಮೆ ಸೋರುತ್ತದೆ, ಊತ ಕಡಿಮೆಯಾಗುತ್ತದೆ, ಒತ್ತಡವೂ ಇಳಿಯುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿತ್ತು. ಮನುಷ್ಯರಲ್ಲಿ 1930ರ ದಶಕದ ಕೊನೆಯಲ್ಲೇ ಅಮೆರಿಕದ ಫಿಲಡೆಲ್ಫಿಯಾದ ಟೆಂಪಲ್ ಫೇ ಎಂಬ ನರಶಸ್ತ್ರವೈದ್ಯರು ಮೊದಲು ಕ್ಯಾನ್ಸರ್ ರೋಗಿಗಳ ಮೈಯನ್ನು, ಆಮೇಲೆ ತಲೆಗೆ ಪೆಟ್ಟಾದವರ ಮೈಯನ್ನು ತಂಪು ಮಾಡಿ ನೋಡಿದ್ದರು.

ಈ ಚಿಕಿತ್ಸೆಯನ್ನು ಹತ್ತಿರದಿಂದ ನೋಡಿದರೆ ಅದು ಎಷ್ಟು ಕಷ್ಟದ್ದು ಎಂದು ಗೊತ್ತಾಗುತ್ತದೆ. ರೋಗಿ ವೆಂಟಿಲೇಟರ್ ಮೇಲೆ ಇರುತ್ತಾರೆ. ಎದೆಗೆ, ತೊಡೆಗೆ ಸುತ್ತಿದ ಪ್ಯಾಡ್‌ಗಳ ಒಳಗೆ ತಣ್ಣೀರು ಹರಿಯುತ್ತಿರುತ್ತದೆ. ಮೂತ್ರಕೋಶದಲ್ಲೋ ಅನ್ನನಾಳದಲ್ಲೋ ಇಟ್ಟ ಸಣ್ಣ ತಂತಿ ಕ್ಷಣಕ್ಷಣದ ಉಷ್ಣತೆ ತೋರಿಸುತ್ತದೆ. ಬುರುಡೆಯಲ್ಲಿ ಕೊರೆದ ಸಣ್ಣ ತೂತಿನಿಂದ ಇಳಿಸಿದ ಇನ್ನೊಂದು ತಂತಿ ಒಳಗಿನ ಒತ್ತಡ ಹೇಳುತ್ತದೆ. ಮೈ ಸುಮ್ನೆ ಇರುವುದಿಲ್ಲ. ಸುಮಾರು 35-36 ಡಿಗ್ರಿಗೆ ಇಳಿಯುತ್ತಿದ್ದಂತೆ ನಡುಕ ಶುರುವಾಗುತ್ತದೆ. ಮೊದಲು ದವಡೆ ಅದುರುತ್ತದೆ, ಆಮೇಲೆ ಎದೆ, ತೋಳು. ನಡುಗಿದರೆ ಆಮ್ಲಜನಕದ ಖರ್ಚು ಮತ್ತೆ ಏರುತ್ತದೆ, ತಂಪು ಮಾಡಿದ್ದೇ ದಂಡ. ಹಾಗಾಗಿ ನಿದ್ದೆಯ ಮದ್ದು ಜಾಸ್ತಿ ಮಾಡಬೇಕು, ಕೆಲವೊಮ್ಮೆ ಸ್ನಾಯುಗಳನ್ನೇ ಸಡಿಲಗೊಳಿಸುವ ಮದ್ದು ಕೊಡಬೇಕು. ತಂಪಾದ ಮೈಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಮಂದವಾಗುತ್ತವೆ, ನ್ಯುಮೋನಿಯಾ ಹೊಂಚು ಹಾಕುತ್ತದೆ. ವಾಪಸ್ ಬೆಚ್ಚಗೆ ಮಾಡುವುದಂತೂ ತುಂಬ ನಾಜೂಕಿನ ಕೆಲಸ. ಗಂಟೆಗೆ ಕಾಲು ಡಿಗ್ರಿಯಂತೆ ನಿಧಾನವಾಗಿ ಏರಿಸಬೇಕು. ಅವಸರ ಮಾಡಿದರೆ ಇಳಿದಿದ್ದ ಒತ್ತಡ ಒಮ್ಮೆಲೇ ಏರುತ್ತದೆ.

ಇಷ್ಟೆಲ್ಲ ಪಟ್ಟ ಪಾಡಿಗೆ ಫಲ ಸಿಕ್ಕಿತೇ? 1997ರಲ್ಲಿ ಪಿಟ್ಸ್‌ಬರ್ಗ್‌ನ ವೈದ್ಯರು 82 ರೋಗಿಗಳ ಅಧ್ಯಯನ ಪ್ರಕಟಿಸಿದಾಗ ಆಸೆ ಚಿಗುರಿತು. 24 ಗಂಟೆ ತಂಪು ಮಾಡಿದವರಲ್ಲಿ ಕೆಲವರು ಬೇಗ ಚೇತರಿಸಿಕೊಂಡಿದ್ದರು. ಆದರೆ 2001ರಲ್ಲಿ ಅಮೆರಿಕದಲ್ಲೇ 392 ರೋಗಿಗಳಲ್ಲಿ ಮಾಡಿದ ದೊಡ್ಡ ಪ್ರಯೋಗದಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. 2008ರಲ್ಲಿ 225 ಮಕ್ಕಳ ಪ್ರಯೋಗದ ಫಲಿತಾಂಶ ಬಂತು. ತಂಪು ಮಾಡಿದ ಮಕ್ಕಳಲ್ಲಿ ನೂರಕ್ಕೆ 21 ಮಂದಿ ತೀರಿಕೊಂಡಿದ್ದರು, ಮಾಡದವರಲ್ಲಿ 14.

ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು 2015ರ ಯುರೋಥರ್ಮ್ ಪ್ರಯೋಗ. 18 ದೇಶಗಳ 387 ರೋಗಿಗಳು ಇದರಲ್ಲಿದ್ದರು. ಬುರುಡೆಯೊಳಗಿನ ಒತ್ತಡ ಪಾದರಸದ 20 ಮಿಲಿಮೀಟರ್ ದಾಟಿದವರನ್ನೇ ಆರಿಸಿಕೊಂಡಿದ್ದರು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ, ಉಳಿದವರಿಗೆ ಅದರ ಜೊತೆ 32ರಿಂದ 35 ಡಿಗ್ರಿಯ ತಂಪು. ಒತ್ತಡವನ್ನು ಹತೋಟಿಗೆ ತರಲು ತಂಪು ನಿಜಕ್ಕೂ ನೆರವಾಯಿತು. ಬುರುಡೆಯ ಮೂಳೆ ತೆಗೆಯುವಂತಹ ಕೊನೆಯ ಹಂತದ ಚಿಕಿತ್ಸೆಗಳ ಅಗತ್ಯ ಈ ಗುಂಪಿಗೆ ಕಡಿಮೆ ಬಿತ್ತು. ಮಾನಿಟರ್ ನೋಡಿದವರು ಗೆದ್ದೆವು ಎಂದುಕೊಳ್ಳಬಹುದಿತ್ತು. ಆರು ತಿಂಗಳಾದ ಮೇಲೆ ಎಷ್ಟು ಜನ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದಾರೆ ಎಂದು ನೋಡಿದರೆ, ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ 37, ತಂಪು ಮಾಡಿದವರಲ್ಲಿ ಬರೀ 26. ಹಾನಿಯಾಗುತ್ತಿರುವ ಸುಳಿವು ಸಿಕ್ಕಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಒತ್ತಡದ ಅಂಕಿ ಇಳಿದ ಮಾತ್ರಕ್ಕೆ ಮನುಷ್ಯ ಎದ್ದು ಕೂರುತ್ತಾನೆ ಎಂದು ನಂಬಿದ್ದ ವೈದ್ಯರಿಗೆ ಇದು ದೊಡ್ಡ ಪೆಟ್ಟು.

ತಡವಾಗಿ ಶುರು ಮಾಡಿದ್ದಕ್ಕೆ ಹೀಗಾಯಿತೇನೋ ಎಂಬ ಸಂಶಯ ಉಳಿದಿತ್ತು. ಆಸ್ಟ್ರೇಲಿಯಾದ ವೈದ್ಯರ ಮುಂದಾಳತ್ವದ ಪೋಲಾರ್ ಪ್ರಯೋಗ ಅದನ್ನೂ ಬಗೆಹರಿಸಿತು. 511 ರೋಗಿಗಳು. ಆಂಬ್ಯುಲೆನ್ಸ್‌ನಲ್ಲೇ ತಂಪು ಶುರು, ಕನಿಷ್ಠ ಮೂರು ದಿನ. 2018ರಲ್ಲಿ ಫಲಿತಾಂಶ ಬಂದಾಗ ಚೇತರಿಸಿಕೊಂಡವರು ತಂಪಿನ ಗುಂಪಿನಲ್ಲಿ ನೂರಕ್ಕೆ 48.8, ಇನ್ನೊಂದರಲ್ಲಿ 49.1. ಎರಡೂ ಒಂದೇ.

ಹಾಗಾದರೆ ಮಂಜುಗಡ್ಡೆಯ ಕೆಳಗೆ ಸಿಕ್ಕಿಕೊಂಡು ಬದುಕಿದವರ ಕತೆ? 1999ರಲ್ಲಿ ನಾರ್ವೆಯಲ್ಲಿ ಆನಾ ಬೋಗೆನ್‌ಹೋಮ್ ಎಂಬ ವೈದ್ಯೆ ಹೊಳೆಯ ಮಂಜಿನಡಿ ಸುಮಾರು 80 ನಿಮಿಷ ಸಿಕ್ಕಿಕೊಂಡಿದ್ದರು. ಮೈ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಆದರೂ ಬದುಕಿ, ಮತ್ತೆ ವೈದ್ಯೆಯಾಗಿ ದುಡಿದರು. ಇಲ್ಲಿ ತಂಪು ಮೊದಲು ಬಂತು, ಆಮ್ಲಜನಕ ನಿಂತದ್ದು ಆಮೇಲೆ. ರಸ್ತೆಯಲ್ಲಿ ಬೈಕಿನಿಂದ ಬಿದ್ದವರಲ್ಲಿ ಪೆಟ್ಟು ಮೊದಲು ಬಿದ್ದಿರುತ್ತದೆ, ತಂಪು ಗಂಟೆಗಳ ನಂತರ ಬರುತ್ತದೆ. ಜೊತೆಗೆ ಒಬ್ಬರಿಗೆ ಹೆಪ್ಪುಗಟ್ಟಿದ ರಕ್ತ, ಇನ್ನೊಬ್ಬರಿಗೆ ಹರಿದ ನರತಂತು, ಮತ್ತೊಬ್ಬರಿಗೆ ಮುರಿದ ಪಕ್ಕೆಲುಬು, ಹೊಟ್ಟೆಯೊಳಗೆ ಸೋರುವ ರಕ್ತ. ಪ್ರಯೋಗಶಾಲೆಯ ಇಲಿಗೆ ಒಂದೇ ಗಾಯ ಇರುತ್ತದೆ.

ನಮ್ಮ ಊರಿಗೂ ಈ ವಿಷಯ ತಟ್ಟಿದೆ. ಹುಟ್ಟುವಾಗ ಉಸಿರುಗಟ್ಟಿ ಮೆದುಳಿಗೆ ಹಾನಿಯಾದ ಶಿಶುಗಳನ್ನು 72 ಗಂಟೆ 33.5 ಡಿಗ್ರಿಯಲ್ಲಿ ಇಡುವುದು ಶ್ರೀಮಂತ ದೇಶಗಳಲ್ಲಿ ಸಾಬೀತಾದ ಚಿಕಿತ್ಸೆ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳಲ್ಲಿ ಪರೀಕ್ಷಿಸಿದ ಹೀಲಿಕ್ಸ್ ಪ್ರಯೋಗದಲ್ಲಿ ಬೆಂಗಳೂರಿನ ಆಸ್ಪತ್ರೆಗಳೂ ಇದ್ದವು. 2021ರಲ್ಲಿ ಬಂದ ಫಲಿತಾಂಶ: ತಂಪು ಮಾಡಿದ ಶಿಶುಗಳಲ್ಲಿ ನೂರಕ್ಕೆ 42 ಸಾವು, ಮಾಡದವರಲ್ಲಿ 31. ಇಲ್ಲಿನ ಮಕ್ಕಳಲ್ಲಿ ಹಾನಿ ಹೆರಿಗೆಗೆ ಮುಂಚೆಯೇ ಶುರುವಾಗಿರಬಹುದು ಎಂಬುದು ಒಂದು ವಿವರಣೆ. ಬೇರೆ ದೇಶದಲ್ಲಿ ಫಲ ಕೊಟ್ಟ ಚಿಕಿತ್ಸೆಯನ್ನು ನಮ್ಮ ಕೂಸುಗಳಲ್ಲಿ ಪರೀಕ್ಷಿಸದೆ ಒಪ್ಪಿಕೊಳ್ಳಬಾರದು ಎಂದು ಹಟ ಹಿಡಿದ ವೈದ್ಯರ ಬಗ್ಗೆ ನನಗೆ ಅಪಾರ ಗೌರವವಿದೆ.

ಇವತ್ತು ತಲೆಗೆ ಜೋರು ಪೆಟ್ಟಾದವರನ್ನು ಮುನ್ನೆಚ್ಚರಿಕೆಗೆಂದು ತಂಪು ಮಾಡುವುದನ್ನು ಮಾರ್ಗಸೂಚಿಗಳು ಒಪ್ಪುವುದಿಲ್ಲ. ಬೇರೆ ಯಾವ ಚಿಕಿತ್ಸೆಗೂ ಒತ್ತಡ ಬಗ್ಗದಿದ್ದಾಗ, ಕೊನೆಯ ಹಂತದಲ್ಲಿ, ಅದೂ 35-36 ಡಿಗ್ರಿಗಷ್ಟೇ ಇಳಿಸಬಹುದು ಎಂದು 2019ರ ತಜ್ಞರ ಒಮ್ಮತದ ಸಲಹೆ ಹೇಳುತ್ತದೆ. ಇದಕ್ಕಿಂತ ದಿನನಿತ್ಯ ಉಪಯೋಗಕ್ಕೆ ಬರುವುದು ಜ್ವರ ತಡೆಯುವ ಕೆಲಸ. ಪೆಟ್ಟು ಬಿದ್ದ ಮೆದುಳಿಗೆ ಜ್ವರ ಬಂದರೆ ಆಮ್ಲಜನಕದ ಬೇಡಿಕೆಯೂ ಒತ್ತಡವೂ ಏರುತ್ತವೆ. ಅದಕ್ಕೇ ನರ್ಸ್‌ಗಳು ಗಂಟೆಗಂಟೆಗೆ ಉಷ್ಣತೆ ಬರೆದುಕೊಳ್ಳುತ್ತಾರೆ, ಪ್ಯಾರಾಸಿಟಮಾಲ್ ಕೊಡುತ್ತಾರೆ, ಬೇಕಾದರೆ ತಣ್ಣೀರಿನ ಪ್ಯಾಡ್ ಸುತ್ತುತ್ತಾರೆ, ಸೋಂಕು ಎಲ್ಲಿದೆ ಎಂದು ಹುಡುಕುತ್ತಾರೆ. ತಣ್ಣೀರಿನ ಅದೇ ಪ್ಯಾಡ್ ಈಗಲೂ ಐಸಿಯುನಲ್ಲಿದೆ. ಆದರೆ ಅದರ ಗುರಿ ಈಗ 33 ಡಿಗ್ರಿ ಅಲ್ಲ, 37ರ ಆಸುಪಾಸು.