ಹೊಸ ಮಿನಿವ್ಯಾನ್: ಮೊದಲು ನೆಲ ನೋಡಿ, ಆಮೇಲೆ ಮುಖ

ಮರುವಿನ್ಯಾಸಗೊಂಡ ಮಿನಿವ್ಯಾನ್ ಬರುತ್ತಿದೆ ಎಂದಾಗ ಮೊದಲು ಹೊರಬೀಳುವ ಚಿತ್ರಗಳಲ್ಲಿ ಗ್ರಿಲ್, ಎಲ್‌ಇಡಿ ದೀಪ, ಡ್ಯಾಶ್‌ಬೋರ್ಡಿನ ಅಗಲವಾದ ಪರದೆ, ಇವೇ ಎದ್ದು ಕಾಣುತ್ತವೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ವರ್ಷಗಟ್ಟಲೆ ಓಡಿಸುವವರು ನೋಡಬೇಕಾದದ್ದು ಗಾಡಿಯ ನೆಲವನ್ನು. ಮಡಚಿದ ಸೀಟು, ಬ್ಯಾಟರಿ, ಸ್ಟೆಪ್ನಿ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಎಲ್ಲಕ್ಕೂ ಬೇಕಾದದ್ದು ಅದರಡಿಯ ಅದೇ ಜಾಗ. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಕೊರತೆ.

ಕ್ರೈಸ್ಲರ್ 2005ರ ಮಾದರಿಯಲ್ಲಿ ಮಧ್ಯದ ಸಾಲಿನ ಸೀಟುಗಳನ್ನೂ ನೆಲದ ಗುಂಡಿಯೊಳಗೆ ಮಡಚಿಡುವ ವ್ಯವಸ್ಥೆ ತಂದಿತು. ಮುಂದೆ ಅದೇ ಕಂಪನಿಯ ಪೆಸಿಫಿಕಾ ಮಿನಿವ್ಯಾನಿನ ಪ್ಲಗ್-ಇನ್ ಹೈಬ್ರಿಡ್‌ನಲ್ಲಿ (ಎಂಜಿನ್ ಜೊತೆಗೆ, ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಆವೃತ್ತಿ) ಅದೇ ಗುಂಡಿಗಳ ಜಾಗದಲ್ಲಿ 16 ಕಿಲೋವ್ಯಾಟ್-ಅವರ್ ಬ್ಯಾಟರಿ ಬಂದು ಕೂತಿತು. ಅದರ ಮಧ್ಯದ ಸೀಟನ್ನು ಕಳಚಿ, ಎತ್ತಿ, ಹೊರಗಿಡಬೇಕು. 2021ರ ಟೊಯೊಟಾ ಸಿಯೆನ್ನಾ ವಿ6 ಎಂಜಿನ್ ಬಿಟ್ಟು 2.5 ಲೀಟರ್ ಹೈಬ್ರಿಡ್ ಒಂದನ್ನೇ ಉಳಿಸಿಕೊಂಡಿತು; ಒಟ್ಟು ಶಕ್ತಿ 245 ಎಚ್‌ಪಿ. ನಾಲ್ಕೂ ಚಕ್ರ ಎಳೆಯುವ ಆವೃತ್ತಿಯಲ್ಲಿ ಹಿಂದಿನ ಚಕ್ರಗಳಿಗೆ ಬೇರೆ ಮೋಟಾರ್ ಇರುವುದರಿಂದ ನೆಲದಡಿ ಶಾಫ್ಟೇ ಇಲ್ಲ. ಜಾಣ ಉಪಾಯ. ಆದರೆ ಮಧ್ಯದ ಸೀಟುಗಳೊಳಗೆ ಏರ್‌ಬ್ಯಾಗ್ ಇರುವುದರಿಂದ ಅವನ್ನು ನಾವೇ ಕಳಚುವಂತಿಲ್ಲ. ಅದಕ್ಕೆ ಬದಲಾಗಿ, ಏಳು ಸೀಟಿನ ಕೆಲವು ಮಾದರಿಗಳಲ್ಲಿ ಅವು ಹಳಿಯ ಮೇಲೆ 25 ಇಂಚು ಹಿಂದೆ ಮುಂದೆ ಸರಿಯುತ್ತವೆ. ಆಗಾಗ ಮಂಚ, ಬೀರು ಸಾಗಿಸುವವರಿಗೆ ಮಡಚುವ ಸೀಟೇ ಲೇಸು. ಉದ್ದ ಕಾಲಿನ ಮಕ್ಕಳಿರುವ ಮನೆಗೆ ಸರಿಯುವ ಸೀಟು.

ಹಿಂದಿನ ಸಾಲಿನ ಹಿಂಬದಿಯ ಆಳವಾದ ಗುಂಡಿ ಎರಡು ಕೆಲಸ ಮಾಡುತ್ತದೆ: ಸೀಟು ಎದ್ದಿದ್ದಾಗ ಲಗೇಜಿಗೆ ಜಾಗ, ಮಡಚಿದಾಗ ಸೀಟಿಗೇ ಜಾಗ. ಅಲ್ಲಿಂದ ಹೊರಬಿದ್ದ ಸ್ಟೆಪ್ನಿ ಎಲ್ಲಿದೆ ಎಂದು ಕೇಳಿ. ಎಷ್ಟೋ ಗಾಡಿಗಳಲ್ಲಿ ಸೀಲೆಂಟ್ ಬಾಟಲಿ, ಗಾಳಿ ತುಂಬುವ ಪಂಪು ಅಷ್ಟೇ ಇರುತ್ತವೆ. ಮೊಳೆ ಚುಚ್ಚಿದರೆ ಅದು ಸಾಕು. ಟೈರಿನ ಪಕ್ಕ ಸೀಳಿದರೆ ಟೋಯಿಂಗ್ ಗಾಡಿಯೇ ಗತಿ.

ಸೀಟು ಪರೀಕ್ಷೆಗೂ ಕ್ರಮವಿದೆ. ಮೊದಲು ಡ್ರೈವರ್ ಸೀಟನ್ನು ನಿಮ್ಮ ಎತ್ತರಕ್ಕೆ ಹೊಂದಿಸಿ. ಅದರ ಹಿಂದೆ ಕೂತು, ಮಂಡಿ ತಾಗದಂತೆ ಮಧ್ಯದ ಸೀಟನ್ನು ಸರಿಸಿ. ಅದನ್ನು ಅಲುಗಾಡಿಸದೆ ಹಿಂದಿನ ಸಾಲಿಗೆ ಹೋಗಿ ಕೂರಿ. ಶೋರೂಮಿನವರು ಮಧ್ಯದ ಸಾಲನ್ನು ಪೂರ್ತಿ ಮುಂದೆ ತಳ್ಳಿ ಹಿಂದಿನ ಸಾಲು ತೋರಿಸುತ್ತಾರೆ, ನಂಬಬೇಡಿ. ಕೂತಾಗ ತೊಡೆಗೆ ಆಧಾರ ಸಿಗದೆ ಮಂಡಿ ಮೇಲೆದ್ದರೆ ಸೀಟು ನೆಲಕ್ಕೆ ತೀರಾ ಹತ್ತಿರವಿದೆ ಎಂದರ್ಥ. ಒಂದು ತಾಸಿನಲ್ಲಿ ಸೊಂಟ ಹಿಡಿಯುತ್ತದೆ. ಎಸಿ ಗಾಳಿ ಅಲ್ಲಿಗೆ ಮುಟ್ಟುತ್ತದೆಯೇ, ಪಕ್ಕದ ಕರ್ಟನ್ ಏರ್‌ಬ್ಯಾಗ್ ಆ ಸಾಲಿನವರೆಗೂ ಇದೆಯೇ ಎಂದೂ ವಿಚಾರಿಸಿ.

ಚೈಲ್ಡ್ ಸೀಟ್ ಇದ್ದರೆ ಜೊತೆಗೇ ಒಯ್ದು ಕಟ್ಟಿ ನೋಡಿ. ಅದನ್ನು ಬಿಚ್ಚದೆ ಹಿಂದಿನ ಸಾಲಿಗೆ ನುಸುಳಲು ಆಗಬೇಕು. 2018ರ ಹೋಂಡಾ ಒಡಿಸ್ಸಿ ಇದಕ್ಕೆಂದೇ ಮಧ್ಯದ ಸೀಟುಗಳನ್ನು ಅಡ್ಡಡ್ಡ ಸರಿಸುವ ವ್ಯವಸ್ಥೆ ತಂದಿತು. ನಡುವಿನ ಸಣ್ಣ ಸೀಟನ್ನು ಮಾತ್ರ ಮೊದಲು ತೆಗೆದಿಡಬೇಕು. ಚೈಲ್ಡ್ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಎಷ್ಟು ಸೀಟಿನಲ್ಲಿವೆ ಎಂದು ಕೈಯಿಟ್ಟು ತಡವಿ ಎಣಿಸಿ. ಹಿಂದಿನ ಸಾಲಿನಲ್ಲಿ ಅವು ಎಲ್ಲ ಸೀಟಿಗೂ ಇರುವುದು ಅಪರೂಪ.

ತಾನೇ ಸರಿಯುವ ಬಾಗಿಲು ಈ ಗಾಡಿಯ ದೊಡ್ಡ ಸುಖ, ಹಳತಾದ ಮೇಲೆ ದೊಡ್ಡ ತಲೆನೋವೂ ಹೌದು. ಕೆಳಗಿನ ಹಳಿಯಲ್ಲಿ ಮರಳು, ಬಿಸ್ಕತ್ತಿನ ಪುಡಿ ಸೇರಿ ಮೋಟಾರಿಗೆ ಭಾರ ಬೀಳುತ್ತದೆ, ಎಳೆಯುವ ಕೇಬಲ್ ಸವೆಯುತ್ತದೆ. ಪರೀಕ್ಷಿಸುವಾಗ ಕೈ ಒಡ್ಡಬೇಡಿ, ಸುತ್ತಿದ ಟವೆಲ್ ಹಿಡಿಯಿರಿ. ತಡೆ ಸಿಕ್ಕ ಕೂಡಲೇ ಬಾಗಿಲು ಹಿಂದಕ್ಕೆ ಸರಿಯಬೇಕು. ಇಳಿಜಾರಿನಲ್ಲಿ ನಿಲ್ಲಿಸಿಯೂ ತೆರೆದು ಮುಚ್ಚಿ. 12 ವೋಲ್ಟ್ ಬ್ಯಾಟರಿ ಕುಸಿದಾಗ ಕೈಯಿಂದಲೇ ತೆಗೆಯುವುದು ಹೇಗೆಂದು ಅಲ್ಲೇ ಕಲಿತುಬಿಡಿ.

ಪರದೆ, ಮನರಂಜನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಸಿಗೆ ತಿರುಗಿಸುವ ಗುಂಡಿ ಉಳಿದಿದ್ದರೆ ಒಳ್ಳೆಯದು.

ಕೊನೆಗೆ ತೂಕ. ಜನ, ಲಗೇಜು ಸೇರಿ ಎಷ್ಟು ಹೊರಬಹುದೆಂದು ಡ್ರೈವರ್ ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿಯೋ ಮಾಲೀಕರ ಕೈಪಿಡಿಯಲ್ಲಿಯೋ ಇರುತ್ತದೆ. ಸರಾಸರಿ 70 ಕಿಲೋದ ಎಂಟು ಜನ ಕೂತರೆ ಅಲ್ಲಿಗೇ 560 ಕಿಲೋ. ಚಾವಣಿಯ ಮೇಲೆ ಪೆಟ್ಟಿಗೆ ಕಟ್ಟುವ ಯೋಚನೆಯಿದ್ದರೆ ಈ ಲೆಕ್ಕವನ್ನು ಬುಕಿಂಗ್‌ಗೆ ಮುಂಚೆಯೇ ಹಾಕಿ. ಒಂದೇ ಗಾಡಿಯ ದುಬಾರಿ ಆವೃತ್ತಿಗೆ ಸಲಕರಣೆಗಳ ಭಾರ ಹೆಚ್ಚಾಗಿ, ಹೊರುವ ತೂಕ ಕಡಿಮೆ ಇರುವುದುಂಟು.