ಸ್ವಾತಂತ್ರ್ಯ: ಮನೆಯೊಳಗೆ, ಬೀದಿಯಲ್ಲಿ

‘ನಮ್ಮನೆಯವರು ನನಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದಾರೆ’ ಎಂದು ಎಷ್ಟೋ ಹೆಂಗಸರು ಸಂತೋಷದಿಂದ ಹೇಳುತ್ತಾರೆ. ಗಂಡ ಒಳ್ಳೆಯವನೇ. ಕೆಲಸಕ್ಕೆ ಹೋಗಬೇಡ ಅನ್ನುವುದಿಲ್ಲ, ಖರ್ಚಿನ ಲೆಕ್ಕ ಕೇಳುವುದಿಲ್ಲ. ಆದರೆ ನಾಳೆ ಅವನ ಮನಸ್ಸು ಬದಲಾದರೆ? ಆಗಲೂ ಅವಳು ಕೆಲಸಕ್ಕೆ ಹೋಗಬಲ್ಲಳಾ? ಇಲ್ಲ ಅಂತಾದರೆ ಅವಳ ಬಳಿ ಇರುವುದು ಬರೀ ಅಪ್ಪಣೆ.

ಐರ್ಲೆಂಡ್ ಮೂಲದ ಚಿಂತಕ ಫಿಲಿಪ್ ಪೆಟಿಟ್ ಇದನ್ನೇ ವಿವರವಾಗಿ ವಾದಿಸಿದ್ದಾರೆ. ದಣಿ ಎಷ್ಟೇ ದಯಾಳುವಾದರೂ ಗುಲಾಮ ಗುಲಾಮನೇ. ಇವತ್ತು ಯಾರೂ ಅಡ್ಡ ಬರಲಿಲ್ಲ ಅನ್ನುವುದು ಸಾಲದು. ಮನಸ್ಸಿಗೆ ಬಂದಂತೆ ಅಡ್ಡ ಬರುವ ಅಧಿಕಾರವೇ ಇನ್ನೊಬ್ಬರ ಕೈಯಲ್ಲಿ ಇರಬಾರದು.

ಸರ್ಕಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. 1975ರ ತುರ್ತು ಪರಿಸ್ಥಿತಿಯಲ್ಲಿ ಕಲಾವಿದೆ ಸ್ನೇಹಲತಾ ರೆಡ್ಡಿ ಅವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟಿದ್ದರು. ಆಸ್ತಮಾದಿಂದ ನರಳಿದ ಅವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಬಂಧನ ಸರಿಯೇ ಎಂದು ಕೋರ್ಟಿನಲ್ಲಿ ಕೇಳುವ ಹಕ್ಕೂ ಆಗ ಜನರಿಗಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪನ್ನು ತಳ್ಳಿಹಾಕಿದ್ದು 2017ರ ಪುಟ್ಟಸ್ವಾಮಿ ತೀರ್ಪು. ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಖಾಸಗಿತನ ಮೂಲಭೂತ ಹಕ್ಕು ಎಂದದ್ದೂ ಇದೇ ತೀರ್ಪು. ಯಾರನ್ನು ಮದುವೆಯಾಗಬೇಕು, ಏನು ತಿನ್ನಬೇಕು ಅನ್ನುವುದೂ, ಸರ್ಕಾರ ಸುಮ್ಸುಮ್ನೆ ಹಿಡಿದು ಒಳಗೆ ಹಾಕಬಾರದು ಅನ್ನುವುದೂ ಒಂದೇ ಕಡೆ ಬಂದವು. ನನಗೆ ಈ ತೀರ್ಪು ದೊಡ್ಡದು ಅನ್ನಿಸುವುದು ಅದಕ್ಕೇ.

ಆದರೆ ಕಾನೂನು ಕೊಟ್ಟ ಹಕ್ಕನ್ನು ಸಂಬಂಧ ವಾಪಸ್ ಕೇಳುವುದೂ ಉಂಟು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂತು. ಆಗಲೇ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆದರೂ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ‘ಅರಿಶಿನ ಕುಂಕುಮಕ್ಕೆ’ ಅಂತ ಒಂದಿಷ್ಟು ದುಡ್ಡು ಕೊಡುತ್ತಾರೆ. ಯಾರೂ ಜೋರು ಮಾಡುವುದಿಲ್ಲ. ಸಹಿ ಹಾಕದಿದ್ದರೆ ತವರು ತಪ್ಪಿಹೋಗುತ್ತದೆ ಅನ್ನುವುದು ಹೇಳದೆಯೇ ಗೊತ್ತಿರುತ್ತದೆ. ‘ಅವಳೇ ಒಪ್ಪಿ ಕೊಟ್ಟಳು’ ಎಂದು ಆಮೇಲೆ ಹೇಳುತ್ತಾರೆ. ಅಣ್ಣನ ಮೇಲಿನ ಪ್ರೀತಿ ನಿಜವೇ, ಆದರೆ ಆ ಒಪ್ಪಿಗೆಯನ್ನು ಸ್ವತಂತ್ರ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ತಂಗಿ ಸಹಿ ಹಾಕುವುದಿಲ್ಲ ಅಂದ ಮೇಲೂ ಗೌರಿ ಹಬ್ಬಕ್ಕೆ ಬಾಗಿನ ಕಳಿಸುವ ಅಣ್ಣಂದಿರೂ ಇದ್ದಾರೆ. ಅಂಥ ಮನೆಯಲ್ಲಿ ಅವಳು ಪಾಲು ತೆಗೆದುಕೊಂಡರೂ, ಬಿಟ್ಟುಕೊಟ್ಟರೂ ಅದು ಅವಳದೇ ತೀರ್ಮಾನ.